ನಾಲ್ಕು ಡಿಗ್ರಿಯ ಗೆರೆ

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ. ಈ ಮನೆಯಲ್ಲಿ ಮಾತ್ರ ಸೊಸೆ ಒಡೆದದ್ದಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಅವಳ ಕೆಲಸವೇ ಅದು. ಕಚೇರಿಯಲ್ಲಿ ಅವಳಿಗೊಂದು ಉದ್ದನೆಯ ಮೇಜು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಟ್ಟ ಕಂಪ್ಯೂಟರುಗಳು, ಅವಕ್ಕೆ ಜೋತುಬಿದ್ದ ಪ್ರಿಂಟರು, ಡಿಸ್ಕು, ಕ್ಯಾಮೆರಾ, ತೂಕದ ಯಂತ್ರ. ಬೆಳಗ್ಗೆ ಬಂದವಳೇ ಒಂದರ ವೈರು ಕೀಳುವಳು, ಇನ್ನೊಂದರ ತುದಿಗೆ ಅಂಟುಪಟ್ಟಿ ಸುತ್ತುವಳು, ಮತ್ತೊಂದಕ್ಕೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದುವಳು. ಆಮೇಲೆ ಕೈಕಟ್ಟಿ ಕೂತು, ಒಳಗಿರುವ ಕರ್ನೆಲ್‌ಗೆ ಇದು ಗೊತ್ತಾಯಿತೋ ಇಲ್ಲವೋ ಎಂದು ನೋಡುವಳು. ಕಚೇರಿಯವರು ಅವಳಿಗೆ ಮುರುಕಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತ ಯಜಮಾನ. ಹೊರಗಿನದು ಯಾವುದೂ ಅವನ ಕಣ್ಣಿಗೆ ಕಾಣದು. ಹೊರಗೆ ಸಿಕ್ಕಿಸಿದ ಸಾಧನಗಳು ಹೇಳಿದ್ದನ್ನು ನಂಬಿಕೊಂಡು ಮನೆ ನಡೆಸುತ್ತಾನೆ. ಒಂದೊಂದು ಸಾಧನಕ್ಕೂ ಅವನಿಗೂ ನಡುವೆ ಒಬ್ಬೊಬ್ಬ ದುಭಾಷಿ, ಅದನ್ನು ಡ್ರೈವರ್ ಎನ್ನುತ್ತಾರೆ. ಸಾಧನ ಉತ್ತರ ಕೊಡದಿದ್ದರೆ, ತಡಮಾಡಿದರೆ, ಅಸಂಬದ್ಧ ಉತ್ತರ ಕೊಟ್ಟರೆ, ಅದನ್ನು ಹಾಗೆಯೇ ಯಜಮಾನನಿಗೆ ಮುಟ್ಟಿಸುವುದು ದುಭಾಷಿಯ ಕೆಲಸ. ಮುಟ್ಟಿಸದಿದ್ದರೆ ಆತ ಎಲ್ಲ ನೆಟ್ಟಗಿದೆ ಎಂದುಕೊಂಡು ಹಾಯಾಗಿರುತ್ತಾನೆ. ಲೋಕದಲ್ಲಿ ಅಂಥ ಯಜಮಾನರಿಗೇನೂ ಬರವಿಲ್ಲ, ಬಿಡಿ.

ಅವಳ ಗಂಡ ಅದೇ ಕಚೇರಿಯಲ್ಲಿ ಡ್ರೈವರ್ ಬರೆಯುವವನು. ಮಗ ಡ್ರೈವರ್ ಕೆಲಸದಲ್ಲಿದ್ದಾನೆ ಎಂದು ಅತ್ತೆ ಹೆಮ್ಮೆಯಿಂದ ಹೇಳಿಕೊಂಡಾಗ, ಪಕ್ಕದ ಮನೆಯಾಕೆ ನಮ್ಮನ್ನೊಮ್ಮೆ ಸ್ಟೇಷನ್ನಿಗೆ ಬಿಟ್ಟುಬರುತ್ತಾನಾ ಎಂದು ಕೇಳಿದ್ದರು. ಅವನು ಬಿಟ್ಟೂ ಬಂದಿದ್ದ. ಅಂಥ ಮನುಷ್ಯ ಅವನು, ಯಾರ ಮನಸ್ಸನ್ನೂ ನೋಯಿಸಲಾರ. ಅವನು ಬರೆದ ಡ್ರೈವರುಗಳೂ ಹಾಗೆಯೇ: ರಗಳೆಯಿಲ್ಲ, ದೂರಿಲ್ಲ, ಸಣ್ಣಪುಟ್ಟ ತೊಡಕನ್ನು ತಾವೇ ಹೊಟ್ಟೆಗೆ ಹಾಕಿಕೊಂಡು ಮುಂದೆ ಸಾಗುತ್ತಿದ್ದವು. ಇಬ್ಬರೂ ಮದುವೆಗೆ ಮೊದಲು ಒಂದೇ ಮೇಜಿನವರು, ಹಾಗಾಗಿ ಸೊಸೆ ಗಂಡನನ್ನು ನೀನು ಎನ್ನುತ್ತಿದ್ದಳು. ಮೊದಮೊದಲು ಅತ್ತೆ ಅದಕ್ಕೆ ಮುಖ ಸಿಂಡರಿಸಿದರು. ಆಮೇಲೆ, ಅವನಿಗೆ ನೀವು ಎನ್ನಿಸಿಕೊಳ್ಳುವಷ್ಟು ಗಾಂಭೀರ್ಯ ಎಲ್ಲಿದೆ ಎಂದು ತಾವೇ ಕೈಬಿಟ್ಟರು.

ಅತ್ತೆ ಮಕ್ಕಳ ಆಸ್ಪತ್ರೆಯಲ್ಲಿ ಔಷಧದ ಉಗ್ರಾಣ ನೋಡಿಕೊಳ್ಳುವವರು. ತಂಪಿನಲ್ಲಿಡಬೇಕಾದ ಮದ್ದಿಗೆಂದು ಅಲ್ಲೊಂದು ಆಳೆತ್ತರದ ಫ್ರಿಜ್. ಅದರ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಫ್ರಿಜ್ಜಿನೊಳಗೆ ಉಷ್ಣ ಅಳೆಯುವ ಪುಟ್ಟ ಡಬ್ಬಿ, ಅದರಿಂದ ಆಚೆ ಕೋಣೆಯ ಕಂಪ್ಯೂಟರಿಗೆ ಒಂದು ವೈರು. ಆ ಡಬ್ಬಿಯ ಡ್ರೈವರನ್ನು ಬರೆದವನು ಮಗ. ಟೆಂಡರಿನಲ್ಲಿ ಅವರ ಕಚೇರಿ ಗೆದ್ದದ್ದು ಆಕಸ್ಮಿಕ, ಆದರೆ ಅತ್ತೆ ಅದನ್ನು ಆಕಸ್ಮಿಕ ಎಂದು ಯಾರಿಗೂ ಹೇಳಲಿಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ, ಭಾನುವಾರದ ರಜೆ ಮುಗಿಸಿ ಅತ್ತೆ ಕೆಲಸಕ್ಕೆ ಹೋದ ಒಂದು ದಿನ, ವಾರ್ಡಿನ ನರ್ಸು ಒಂದು ಸೀಸೆಯನ್ನು ಬೆಳಕಿಗೆ ಹಿಡಿದು, ಇದೇಕೆ ಬಗ್ಗಡವಾಗಿದೆ ಎಂದು ಕೇಳಿದಳು. ಹಳೆಯ ದಾಸ್ತಾನು ಮುಗಿದು ಫ್ರಿಜ್ಜಿನಲ್ಲಿ ಇದ್ದದ್ದು ಹೊಸದಾಗಿ ಬಂದ ಪೆಟ್ಟಿಗೆಗಳಷ್ಟೇ, ತೆಗೆದು ನೋಡಿದರೆ ಅವುಗಳಲ್ಲಿದ್ದ ಅಷ್ಟೂ ಮದ್ದು ಕಲಕಿಹೋಗಿತ್ತು. ಬಿಸಿ ತಾಗಿದರೆ ಮಾತ್ರ ಹಾಗಾಗುತ್ತದೆ. ಪುಣ್ಯಕ್ಕೆ ಯಾವ ಮಗುವಿಗೂ ಕೊಟ್ಟಿರಲಿಲ್ಲ, ಎಲ್ಲವನ್ನೂ ಎಸೆದರು. ದೊಡ್ಡ ಡಾಕ್ಟರು ಕಂಪ್ಯೂಟರಿನಲ್ಲಿ ಫ್ರಿಜ್ಜಿನ ಉಷ್ಣದ ಗೆರೆಯನ್ನು ತೆಗೆಸಿ ನೋಡಿದರು. ರಜೆಯ ದಿನವಿಡೀ ಗೆರೆ ನಾಲ್ಕು ಡಿಗ್ರಿಯಲ್ಲೇ ಇತ್ತು. ಅಂದರೆ ಮದ್ದು ಫ್ರಿಜ್ಜಿನೊಳಗೆ ಕೆಟ್ಟಿಲ್ಲ, ಹೊರಗಿದ್ದು ಕೆಟ್ಟಿದೆ. ಪೆಟ್ಟಿಗೆಗಳನ್ನು ಇಳಿಸಿಕೊಂಡದ್ದು ಅತ್ತೆ, ಬೀಗದ ಕೈ ಇದ್ದದ್ದೂ ಅತ್ತೆಯ ಬಳಿ. ರಜೆಗೆ ಹೊರಡುವ ಅವಸರದಲ್ಲಿ ಮೇಜಿನ ಮೇಲೆಯೇ ಬಿಟ್ಟು ಹೋಗಿ, ಮರಳಿ ಬಂದು ಒಳಗಿಟ್ಟಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅತ್ತೆ ಒಂದಕ್ಕೆ ಹತ್ತು ಮಾತು ಹಿಂದಿರುಗಿಸುತ್ತಿದ್ದರು. ವಯಸ್ಸಾದ ಮೇಲೆ ಇದೆಲ್ಲ ಸಹಜ ಅಮ್ಮ, ಬರುವ ಸೋಮವಾರ ಸಭೆಯಲ್ಲಿ ಮರೆತೆ ಎಂದು ಒಂದು ಮಾತು ಹೇಳಿಬಿಡಿ, ನಿವೃತ್ತಿಯನ್ನು ಸ್ವಲ್ಪ ಬೇಗ ತೆಗೆದುಕೊಳ್ಳಿ, ಯಾರೂ ದೊಡ್ಡದು ಮಾಡುವುದಿಲ್ಲ ಎಂದರು. ಕರುಣೆಗೆ ಏನೆಂದು ಉತ್ತರ ಕೊಡುವುದು? ಅತ್ತೆ ತಲೆಯಾಡಿಸಿ ಬಂದರು.

ಅಂದಿನಿಂದ ಅವರು ಬೇರೆಯೇ ಮನುಷ್ಯರಾದರು. ಬೀದಿಯ ತಿರುವಿನವರೆಗೆ ಹೋಗಿ, ಬಾಗಿಲ ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಬರುವರು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೂ ಅಲ್ಲಿಂದ ಕದಲದೆ, ಪಾತ್ರೆಯನ್ನೇ ದಿಟ್ಟಿಸುತ್ತ ನಿಲ್ಲುವರು. ನಾನು ಪೆಟ್ಟಿಗೆ ಒಳಗಿಟ್ಟದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಅದು ಅದರ ಹಿಂದಿನ ವಾರದ್ದೋ ಏನೋ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವರು. ಒಂದು ಸಂಜೆ ಬೀರುವಿನ ಬೀಗದ ಕೈಯನ್ನು ತಂದು ಸೊಸೆಯ ಅಂಗೈಯಲ್ಲಿಟ್ಟು, ಇನ್ನು ನೀನೇ ಇಟ್ಟುಕೋ ಎಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಿರಿಯರು ಹೇಳಿದ್ದಾರೆ, ಸರಿ. ಆದರೆ ತನ್ನ ಕಾಲ ಹೀಗೆ ಬರುವುದು ಅವಳಿಗೆ ಬೇಕಿರಲಿಲ್ಲ. ಆ ಬೀಗದ ಕೈಯನ್ನು ಹಿಡಿದುಕೊಂಡು ಅವಳು ಬೆಪ್ಪಾಗಿ ನಿಂತಳು.

ಮಗ ತಾಯಿಯನ್ನು ನಗಿಸಲು ನೋಡಿದ. ಅರವತ್ತಕ್ಕೆ ಅರಳುಮರಳು ಅಂತಾರಮ್ಮ, ನೀನು ಒಂದೆರಡು ವರ್ಷ ಮುಂಗಡ ತಗೊಂಡಿದ್ದೀಯ ಅಷ್ಟೆ ಎಂದ. ಅತ್ತೆ ನಕ್ಕರು. ನಕ್ಕು, ಊಟದ ತಟ್ಟೆಯ ಮುಂದೆ ಕೂತವರು ತುಸು ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು.

"ಆ ನಿನ್ನ ಡಬ್ಬಿ ತಪ್ಪು ಹೇಳಿರಬಹುದೇನೋ?"

"ಅದು ತಪ್ಪು ಹೇಳೋಕೆ ಸಾಧ್ಯಾನೇ ಇಲ್ಲಮ್ಮ. ಇದನ್ನೆಲ್ಲ ಹಚ್ಚಿಕೊಳ್ಳಬೇಡ, ಮನೇಲಿ ಆರಾಮಾಗಿರು."

ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು.

ಶನಿವಾರ ಬೆಳಗ್ಗೆ, ಸಭೆಯಲ್ಲಿ ಏನೆಂದು ಶುರುಮಾಡಲಿ ಎಂದು ಕೇಳುತ್ತ, ಡಾಕ್ಟರು ಕಳಿಸಿದ್ದ ಗೆರೆಯ ಚಿತ್ರವನ್ನು ಅತ್ತೆ ತಮ್ಮ ಫೋನಿನಲ್ಲಿ ಸೊಸೆಗೆ ತೋರಿಸಿದರು. ಅವಳು ಅದನ್ನು ಆವರೆಗೆ ನೋಡಿರಲಿಲ್ಲ. ಗಂಡ ನೋಡಿದ್ದೇನೆ, ಸರಿಯಿದೆ ಎಂದಿದ್ದ. ಚಹಾದ ಲೋಟವನ್ನು ಕೆಳಗಿಟ್ಟು, ಚಿತ್ರವನ್ನು ಹಿಗ್ಗಿಸಿ ನೋಡಿದಳು. ಹಿಂದಿನ ದಿನದ ಗೆರೆ ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ರಜೆಯ ಮುಂಜಾನೆಯಿಂದ ಸಂಜೆಯವರೆಗೆ ಮಾತ್ರ ಪಟ್ಟಿಯಿಟ್ಟು ಎಳೆದ ಹಾಗೆ ನೆಟ್ಟಗೆ. ಆಮೇಲೆ ಒಮ್ಮೆಲೇ ಮೇಲಕ್ಕೆ ನೆಗೆದು, ನಿಧಾನವಾಗಿ ಇಳಿದು, ಮತ್ತೆ ಮೊದಲಿನಂತೆ ಏರಿಳಿತ. ಹಗಲಿಡೀ ನಾಲ್ಕಿದ್ದದ್ದನ್ನಷ್ಟೇ ನೋಡಿದ ಡಾಕ್ಟರು ಆ ನೆಗೆತವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವಳು ಆ ನೆಟ್ಟಗಿನ ಗೆರೆಯನ್ನು ಇನ್ನೊಮ್ಮೆ ಹಿಗ್ಗಿಸಿದಳು. ಬಾಗಿಲು ತೆರೆಯಲಿ ಬಿಡಲಿ, ಫ್ರಿಜ್ಜಿನ ಮೋಟಾರು ಹತ್ತುತ್ತದೆ, ಆರುತ್ತದೆ. ಒಳಗಿನ ತಂಪು ಅದರ ಜೊತೆಗೇ ಅರ್ಧ ಡಿಗ್ರಿ ಅತ್ತ, ಅರ್ಧ ಡಿಗ್ರಿ ಇತ್ತ ಸರಿಯುತ್ತದೆ. ಇಡೀ ದಿನ ಒಂದೇ ಸಂಖ್ಯೆಯಲ್ಲಿ ನಿಲ್ಲುವುದು ಯಾವ ಫ್ರಿಜ್ಜಿಗೂ ಸಾಧ್ಯವಿಲ್ಲ. ಈ ನಾಲ್ಕನ್ನು ಹೇಳಿದ್ದು ಫ್ರಿಜ್ಜಲ್ಲ. ಬೇರೆ ಯಾರೋ ಅದರ ಪರವಾಗಿ ಹೇಳಿದ್ದಾರೆ. ಯಾರು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ, ಕೈಗೆ ಸಿಕ್ಕದ ಹೊರತು ಬಾಯಿಬಿಡುವವಳಲ್ಲ ಅವಳು. ಇದು ನನ್ನ ಹತ್ತಿರ ಇರಲಿ ಅತ್ತೆ ಎಂದು ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಂಡು ಹೊರಟಳು.

ಕಚೇರಿಗೆ ಹೋಗುವ ದಾರಿಯಲ್ಲೇ ಆಸ್ಪತ್ರೆ. ಉಗ್ರಾಣದ ಮುಂದಿನ ನಡುಮನೆಯಷ್ಟು ಅಗಲದ ಪಡಸಾಲೆಯಲ್ಲಿ ಶುಚಿ ಮಾಡುವಾಕೆ ನೆಲ ಒರೆಸುತ್ತಿದ್ದಳು. ಸೊಸೆ ಗೋಡೆಯ ಬುಡ ನೋಡಿದಳು. ಅಲ್ಲೊಂದೇ ಸ್ವಿಚ್ ಬೋರ್ಡು, ಅದಕ್ಕೊಂದು ಹಲವು ಪ್ಲಗ್ ಹಾಕುವ ಉದ್ದ ಪಟ್ಟಿ, ಪಟ್ಟಿಗೆ ಒಳಗಿನ ಫ್ರಿಜ್ಜೂ ಉಷ್ಣದ ಡಬ್ಬಿಯೂ ಒಟ್ಟಿಗೆ. ರಜೆಯ ದಿನ ನೆಲಕ್ಕೆ ಹೊಳಪು ಹಾಕುವ ಯಂತ್ರ ಎಲ್ಲಿಗೆ ಸಿಕ್ಕಿಸುತ್ತೀರಿ ಎಂದು ಮಾತಿಗೆ ಮಾತು ಸೇರಿಸಿದಂತೆ ಕೇಳಿದಳು. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು: ಇದನ್ನೇ ಕಿತ್ತು ಅದನ್ನು ಹಾಕುತ್ತೇವೆ, ಮುಗಿದ ಮೇಲೆ ಮತ್ತೆ ಹಾಕುತ್ತೇವೆ, ಹೋದ ರಜೆಯಲ್ಲಿ ಹೊಳಪು ಸರಿಯಾಗಿ ಕೂರದೆ ಬೆಳಗ್ಗಿಂದ ಸಂಜೆವರೆಗೂ ಅದೇ ಆಯಿತು. ಎಚ್ಚರಿಕೆಯ ಗಂಟೆ ಏನಾದರೂ ಹೊಡೆಯಿತೇ ಎಂದರೆ, ಇಲ್ಲವಲ್ಲ, ಹೊಡೆದಿದ್ದರೆ ಆಗಲೇ ಹಾಕಿಬಿಡುತ್ತಿದ್ದೆವು ಎಂದಳು. ಅವಳ ಮೇಲೆ ತಪ್ಪು ಹೊರಿಸಲು ಏನಿತ್ತು?

ಗಂಟೆ ಯಾಕೆ ಹೊಡೆಯಲಿಲ್ಲ ಎಂಬುದು ಸೊಸೆಗೆ ಚೆನ್ನಾಗಿ ನೆನಪಿತ್ತು. ಡಬ್ಬಿ ಹೊಸದಾಗಿ ಕೂತ ದಿನಗಳಲ್ಲಿ ಅದರ ವೈರು ಸಡಿಲ. ಬಾಗಿಲು ಬಡಿದಾಗಲೆಲ್ಲ ಕ್ಷಣ ಹೊತ್ತು ಸಂಪರ್ಕ ತಪ್ಪಿ ಗಂಟೆ ಹೊಡೆಯುತ್ತಿತ್ತು, ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು. ಅತ್ತೆ ಮನೆಗೆ ಬಂದು ಊಟದ ಹೊತ್ತಿಗೆ ಮಗನ ಮೇಲೆ ಹರಿಹಾಯುತ್ತಿದ್ದರು: ನಿನ್ನ ಯಂತ್ರಕ್ಕೆ ಸುಮ್ಮನಿರೋದು ಬರುವುದೇ ಇಲ್ಲವೇನೋ? ಅಮ್ಮನ ಕಾಟ ತಾಳಲಾರದೆ ಅವನು ಡ್ರೈವರಿಗೆ ಎರಡು ಸಾಲು ಸೇರಿಸಿದ. ಡಬ್ಬಿ ಉತ್ತರ ಕೊಡದಿದ್ದರೆ ದೂರಬೇಡ. ಹಿಂದೆ ಕೊಟ್ಟ ಉತ್ತರವನ್ನೇ ಮತ್ತೆ ಹೇಳು. ಕ್ಷಣ ಮಾತ್ರದ ತೊಡಕಿಗೆ ಅದು ಒಳ್ಳೆಯ ಮದ್ದೇ. ಎಷ್ಟು ಹೊತ್ತು ಹಾಗೆ ಹೇಳಬಹುದು ಎಂಬ ಮಿತಿಯನ್ನು ಮಾತ್ರ ಅವನು ಹಾಕಲಿಲ್ಲ. ಅದನ್ನು ಪರೀಕ್ಷೆ ಮಾಡಿದವಳು ಇವಳೇ. ವೈರು ಕಿತ್ತಳು, ನಾಲ್ಕೆಣಿಸುವಷ್ಟರಲ್ಲಿ ಮತ್ತೆ ಸಿಕ್ಕಿಸಿದಳು, ಗಂಟೆ ಹೊಡೆಯಲಿಲ್ಲ, ಸರಿಯಾಗಿದೆ ಎಂದಳು. ಊರಿಗೆಲ್ಲ ಮುರುಕಮ್ಮ, ಗಂಡ ಬರೆದದ್ದನ್ನು ಮುರಿಯುವಾಗ ಮಾತ್ರ ಕೈ ಮೃದುವಾಗಿತ್ತು.

ಕಚೇರಿಯಲ್ಲಿ ಅಂಥದೇ ಇನ್ನೊಂದು ಡಬ್ಬಿಯಿತ್ತು. ಮೇಜಿನ ಮೇಲಿಟ್ಟು, ಸಂಖ್ಯೆ ಇಪ್ಪತ್ತಾರು ಎಂದು ಬರುವವರೆಗೆ ಕಾದು, ವೈರು ಕಿತ್ತಳು. ಡಬ್ಬಿಯನ್ನು ಒಯ್ದು ಊಟದ ಕೋಣೆಯ ಫ್ರಿಜ್ಜಿನಲ್ಲಿಟ್ಟು, ಬಾಗಿಲು ಹಾಕಿ, ಬಂದು ಕೂತಳು. ಪರದೆಯ ಮೇಲೆ ಇಪ್ಪತ್ತಾರು. ಸಹೋದ್ಯೋಗಿಗಳು ಊಟಕ್ಕೆ ಹೋಗಿ ಬಂದರು. ಇಪ್ಪತ್ತಾರೇ. ಕರ್ನೆಲ್ ಕೇಳುತ್ತಲೇ ಇತ್ತು, ಡ್ರೈವರ್ ಯಶಸ್ವಿ ಎಂಬ ಮುದ್ರೆಯೊತ್ತಿ ಹಳೆಯ ಉತ್ತರವನ್ನು ಕೊಡುತ್ತಲೇ ಇತ್ತು. ಸಾಧನ ಅಲ್ಲಿ ಇಲ್ಲವೇ ಇಲ್ಲ.

ಅವಳು ಗಂಡನನ್ನು ಕರೆದು, ಏನೂ ಹೇಳದೆ, ಮೊದಲು ಪರದೆ ತೋರಿಸಿದಳು, ಆಮೇಲೆ ನೇತಾಡುತ್ತಿದ್ದ ವೈರಿನ ತುದಿ ತೋರಿಸಿದಳು, ಆಮೇಲೆ ಅತ್ತೆಯ ಫೋನಿನಿಂದ ಬಂದ ಗೆರೆ. ಅವನು ಕುರ್ಚಿ ಎಳೆದುಕೊಂಡು ಕೂತ. ವೈರಿನ ತುದಿಯನ್ನು ಕೈಗೆತ್ತಿಕೊಂಡು ನೋಡಿದ. ಮಾತಾಡಿದಾಗ, ಅದು ಅವನಂಥವರು ಆಡುವ ಮಾತೇ ಆಗಿತ್ತು: ನಾನು ಇವತ್ತೇ ಸರಿಮಾಡುತ್ತೇನೆ, ಸೋಮವಾರದ ನಂತರ ಸದ್ದಿಲ್ಲದೆ ಆಸ್ಪತ್ರೆಯ ಯಂತ್ರಕ್ಕೆ ಹಾಕಿ ಬರುತ್ತೇನೆ, ಅಮ್ಮನಿಗೆ ಮನೆಯಲ್ಲಿ ಸಮಾಧಾನವಾಗಿ ಹೇಳೋಣ, ಅವಳು ಹೇಗೂ ನಿವೃತ್ತಿಯಾಗುವವಳು. ಅವನು ಕೆಟ್ಟವನಲ್ಲ. ಯಾರಿಗೂ ನೋವಾಗದ ದಾರಿಯನ್ನು ಹುಡುಕುತ್ತಿದ್ದ, ಅಷ್ಟೆ. ಅದರಲ್ಲಿ ತನಗೂ ನೋವಾಗುವುದಿಲ್ಲ ಎಂಬುದು ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

"ಇವತ್ತೇ ಹೇಳು. ನೀನೇ ಹೇಳು," ಎಂದಳು ಅವಳು. "ನಿನ್ನ ಬಾಯಿಂದ ಬರದಿದ್ರೆ ನನ್ನ ಬಾಯಿಂದ ಬರುತ್ತೆ. ಅದು ಚೆನ್ನಾಗಿರಲ್ಲ."

ಸಂಜೆ ಮನೆಗೆ ಬಂದಾಗ ಅತ್ತೆ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದರು. ಮಗ ಎದುರು ಕೂತು ಹೇಳಿದ. ತಡವರಿಸಿದ, ಹಿಂದುಮುಂದಾಗಿ ಹೇಳಿದ, ಮಧ್ಯೆ ಪ್ಲಗ್ಗು, ಪಟ್ಟಿ, ಎರಡು ಸಾಲು ಎಂದೆಲ್ಲ ಬಂತು. ಅತ್ತೆ ಮಡಚುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಯಂತ್ರದ ವಿಷಯ ಅವರಿಗೆ ಎಷ್ಟು ತಿಳಿಯಿತೋ, ಅವರು ಕೇಳಿದ್ದು ಬೇರೆಯೇ.

"ಹಾಗಾದ್ರೆ ಪೆಟ್ಟಿಗೆ ನಾನು ಒಳಗಿಟ್ಟಿದ್ದೆ?"

"ಇಟ್ಟಿದ್ದೆ ಅಮ್ಮ."

"ಬೀಗ?"

"ಹಾಕಿದ್ದೆ."

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟು ಸವರಿದರು. ಅವರ ಮುಖ ಹಗುರಾಯಿತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಮರುಕ್ಷಣವೇ ಅವರ ಯೋಚನೆ ಮಗನ ಕಡೆಗೆ ಓಡಿತು. ಇದನ್ನು ಅಲ್ಲಿ ಹೇಳಬೇಡ, ನಿನ್ನ ಕೆಲಸಕ್ಕೆ ಕುತ್ತು ಬಂದೀತು, ನನಗೆ ಗೊತ್ತಾಯಿತಲ್ಲ ಅಷ್ಟು ಸಾಕು, ಸೋಮವಾರ ಮರೆತೆ ಎಂದು ಹೇಳಿ ಕೈಮುಗಿದು ಬರುತ್ತೇನೆ ಎಂದರು. ಗಂಡನ ಭುಜ ಸಡಿಲವಾದದ್ದು, ನಿಟ್ಟುಸಿರು ಬಿಟ್ಟದ್ದು ಸೊಸೆಗೆ ಕಂಡಿತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದ ಮೇಲೆ ಅವನ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಆದರೂ ದನಿಯೇರಿಸದೆ, ಅತ್ತೆಯ ಕಡೆ ತಿರುಗಿ ಹೇಳಿದಳು.

"ಅತ್ತೆ, ಆ ಡಬ್ಬಿ ಈಗಲೂ ಅಲ್ಲೇ ಇದೆ. ನಾಳೆ ರಜೆ. ನಾಳೇನೂ ಅವರು ನೆಲ ಉಜ್ಜೋಕೆ ಪ್ಲಗ್ ಕೀಳ್ತಾರೆ. ಅದು ಮತ್ತೆ ನಾಲ್ಕು ಅಂತಾನೇ ಹೇಳುತ್ತೆ. ಎಲ್ಲಾ ಮದ್ದೂ ಕೆಟ್ಟಾಗ ಕಲಕಿ ಕಾಣಿಸಲ್ಲ ಅಲ್ವಾ?"

ಅತ್ತೆ ಅವಳ ಮುಖ ನೋಡಿದರು. ಇಲ್ಲ, ಕಾಣಿಸುವುದಿಲ್ಲ, ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಲವು ಮದ್ದು ತಿಳಿನೀರಿನಂತೆಯೇ ಇರುತ್ತವೆ, ಸತ್ವ ಹೋಗಿರುತ್ತದೆ. ನರ್ಸು ಬೆಳಕಿಗೆ ಹಿಡಿದು ನೋಡಿದರೂ ತಿಳಿಯದು, ಮಗುವಿಗೆ ಚುಚ್ಚಿಬಿಡುತ್ತಾರೆ. ಅವರು ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತರು. ಅಷ್ಟು ಹೊತ್ತು ತಾಯಿಯಾಗಿದ್ದವರು ಉಗ್ರಾಣದವರಾದರು.

"ಡಾಕ್ಟರಿಗೆ ಫೋನ್ ಮಾಡು," ಎಂದರು ಮಗನಿಗೆ.

ಸೋಮವಾರ ಸಭೆಯಲ್ಲೇ ಹೇಳಿದರಾಗದೇ ಎಂದ ಅವನು. ಈಗಲೇ ಎಂದರು. ಅವನು ಫೋನ್ ಹಚ್ಚಿದ. ಡಾಕ್ಟರ್, ನಮ್ಮ ಯಂತ್ರದಲ್ಲಿ ಒಂದು ಸಣ್ಣ ದೋಷ ಎಂದು ಶುರುಮಾಡಿದ. ಅತ್ತೆ ಎದುರಿಗೆ ಕದಲದೆ ನಿಂತಿದ್ದರು. ಅವನು ಅವರನ್ನು ನೋಡಿ, ಮೊದಲಿನಿಂದ ಹೇಳಿದ: ತಪ್ಪು ನನ್ನದು, ಸಣ್ಣದಲ್ಲ, ಅಮ್ಮ ಎಲ್ಲವನ್ನೂ ಸರಿಯಾಗಿಯೇ ಇಟ್ಟಿದ್ದರು, ನಾಳೆ ಪ್ಲಗ್ ಮುಟ್ಟದಂತೆ ನೋಡಿಕೊಳ್ಳಿ, ನಾವಿಬ್ಬರೂ ಬೆಳಗ್ಗೆಯೇ ಬರುತ್ತೇವೆ. ಆ ಕಡೆಯಿಂದ ಬಹಳ ಮಾತು ಬಂತು. ಎಲ್ಲದಕ್ಕೂ ಹೌದು ಎಂದ. ಕಚೇರಿಯಲ್ಲಿ ಇನ್ನೇನು ಕಾದಿದೆಯೋ ಯಾರಿಗೆ ಗೊತ್ತು. ಪರೀಕ್ಷೆ ಮಾಡಿದವಳು ತಾನು ಎಂಬುದನ್ನು ಸೊಸೆಯೂ ಫೋನ್ ಇಸಿದುಕೊಂಡು ಹೇಳಿದಳು.

ಫೋನ್ ಇಟ್ಟ ಮೇಲೆ ಮಗ ತಾಯಿಯ ಪಕ್ಕ ಕೂತ. ನಿನಗೆ ತೊಂದರೆಯಾಗಬಾರದು ಅಂತಲೇ ಆ ಗಂಟೆ ನಿಲ್ಲಿಸಿದ್ದು ಅಮ್ಮ ಎಂದ. ಅತ್ತೆಗೆ ಅದು ಗೊತ್ತಿತ್ತು. ಆ ಗಂಟೆಯ ವಿಷಯಕ್ಕೆ ನಾನು ನಿನ್ನನ್ನು ಬೈಯುವುದಿಲ್ಲ, ಹಿಂಸೆ ಮಾಡಿ ನಿಲ್ಲಿಸಿದವಳು ನಾನೇ ಎಂದರು. ಹಾಗೆಂದು ತಮ್ಮ ಅಂಗೈಗಳನ್ನು ನೋಡಿಕೊಂಡರು. ಅವರ ಕಣ್ಣಿನಲ್ಲಿ ನೀರು ತುಂಬಿತು.

"ಅವತ್ತು ಊಟಕ್ಕೆ ಕೂತಾಗ ನಾನು ಕೇಳಿದೆ ನೋಡು, ನಿನ್ನ ಡಬ್ಬಿ ತಪ್ಪು ಹೇಳಿರಬಹುದಾ ಅಂತ. ಸಾಧ್ಯಾನೇ ಇಲ್ಲ ಅಂದೆ. ಅವತ್ತಿಂದ ನನಗೆ ನನ್ನ ಕೈ ಮೇಲೇ ನಂಬಿಕೆ ಹೋಯ್ತು ಕಣೋ. ಗೊತ್ತಿಲ್ಲ ಅಮ್ಮ, ನೋಡಿ ಹೇಳ್ತೀನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

ಮಗ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅತ್ತೆ ಅವನ ತಲೆಯನ್ನು ನೇವರಿಸಲಿಲ್ಲ, ತಳ್ಳಲೂ ಇಲ್ಲ. ಸೊಸೆಗೆ ಸಿಟ್ಟೆಲ್ಲ ಇಳಿದುಹೋಗಿತ್ತು. ಅವಳು ಬಂದು ಅತ್ತೆಯ ಇನ್ನೊಂದು ಪಕ್ಕದಲ್ಲಿ ಕೂತಳು.